ದುಬಾರಿ ಆಫ್‌ಸೆಟ್ ಸ್ಮೋಕರ್ ಕೊಳ್ಳುವ ಮೊದಲು ಏನನ್ನು ನೋಡಬೇಕು?

ಆಫ್‌ಸೆಟ್ ಸ್ಮೋಕರ್ ಎಂದರೆ ಪಕ್ಕದ ಪೆಟ್ಟಿಗೆಯಲ್ಲಿ ಸೌದೆ ಉರಿಸಿ, ಅದರ ಬಿಸಿ ಹೊಗೆಯಲ್ಲಿ ಮಾಂಸವನ್ನು ನಿಧಾನವಾಗಿ ಬೇಯಿಸುವ ಉಕ್ಕಿನ ಒಲೆ. ಅದಕ್ಕೆ ಕಾಲು ಅಂಗುಲದ ಉಕ್ಕು ಇದ್ದರೆ ಸಾಕೇ, ರಿವರ್ಸ್ ಫ್ಲೋ (ಗಾಳಿಯ ಹಿಮ್ಮುಖ ಹರಿವು) ಬೇಕೇ, ಹಿತ್ತಲಿಗೆ ಎಷ್ಟು ದೊಡ್ಡದು ಸರಿ ಎಂದು ಕೇಳಿದ್ದೀರಿ. ಮೂರಕ್ಕೂ ಉತ್ತರಿಸುತ್ತೇನೆ. ಆದರೆ ನೀವು ಕೇಳದೇ ಬಿಟ್ಟ ಸಂಗತಿಯೊಂದಿದೆ, ಗಾಳಿಯ ಸೆಳೆತ. ಎರಡು ಸಲ ದುಡ್ಡು ಸುರಿದು ನಾನು ಕಲಿತದ್ದು ಅದನ್ನೇ.

ನನ್ನ ಮೊದಲ ಸ್ಮೋಕರ್ ತೆಳು ತಗಡಿನದು. ಅದರಲ್ಲಿ ದಿನವಿಡೀ ಬೇಯಿಸಿದ ಬ್ರಿಸ್ಕೆಟ್ (ದನದ ಎದೆಯ ಮಾಂಸ) ಕಹಿಯಾಗಿತ್ತು. ತಿಂದ ಮೇಲೆ ನಾಲಗೆ ಜೋಮು ಹಿಡಿದಂತಾಗಿತ್ತು. ತಪ್ಪೆಲ್ಲ ತಗಡಿನದೇ ಎಂದು ತೀರ್ಮಾನಿಸಿ ಅದನ್ನು ಮಾರಿದೆ, ದಪ್ಪ ಉಕ್ಕಿನದನ್ನು ತಂದೆ. ನಾಲ್ಕು ಜನ ಏದುಸಿರು ಬಿಟ್ಟು ಹಿತ್ತಲಿಗೆ ತಳ್ಳಿದೆವು. ಮಾಂಸ ಮತ್ತೆ ಕಹಿ! ಫೈರ್‌ಬಾಕ್ಸಿನ (ಸೌದೆ ಉರಿಸುವ ಪೆಟ್ಟಿಗೆಯ) ಬಾಗಿಲು ಮುಚ್ಚಿದರೆ ಬೆಂಕಿಗೆ ಉಸಿರು ಕಟ್ಟುತ್ತಿತ್ತು, ತೆರೆದಿಟ್ಟರೆ ಬಾಗಿಲಿನಿಂದಲೇ ಹೊಗೆ ಹಿಂದಕ್ಕೆ ಬಂದು ನನ್ನ ಕಣ್ಣು ಉರಿಸುತ್ತಿತ್ತು. ಉಕ್ಕಿನಲ್ಲಿ ದೋಷವಿರಲಿಲ್ಲ. ಚಿಮಣಿ ಕಿರಿದಾಗಿತ್ತು, ಗಿಡ್ಡವೂ ಆಗಿತ್ತು. (ಫೈರ್‌ಬಾಕ್ಸ್ ಎಂದೇ ಬರೆಯುತ್ತೇನೆ, ಬೆಂಕಿಪೆಟ್ಟಿಗೆ ಎಂದರೆ ಓದುವವರು ಕಡ್ಡಿ ಗೀರಲು ಹೊರಡುತ್ತಾರೆ.)

ಪಕ್ಕದ ಫೈರ್‌ಬಾಕ್ಸಿನಲ್ಲಿ ಕಾದ ಗಾಳಿ ಮಾಂಸವಿರುವ ಕೋಣೆಯನ್ನು ಅಡ್ಡಲಾಗಿ ಹಾದು ಇನ್ನೊಂದು ತುದಿಯ ಚಿಮಣಿಯಲ್ಲಿ ಮೇಲೇರುತ್ತದೆ. ಏರುವ ಆ ಗಾಳಿಯೇ ಹೊಸ ಗಾಳಿಯನ್ನು ಬೆಂಕಿಯತ್ತ ಎಳೆಯುತ್ತದೆ. ಎಳೆತ ಸಾಲದಿದ್ದರೆ ಸೌದೆ ಉರಿಯುವ ಬದಲು ಹೊಗೆಯಾಡುತ್ತದೆ. ಅರೆಬೆಂದ ಆ ದಟ್ಟ ಬಿಳಿ ಹೊಗೆಯಲ್ಲಿರುವ ಕ್ರಿಯೋಸೋಟ್ ಎಂಬ ಡಾಂಬರಿನಂಥ ಜಿಗುಟು ಮಾಂಸಕ್ಕೆ ಅಂಟಿ ಕಹಿ ಮಾಡುತ್ತದೆ. ನಮಗೆ ಬೇಕಾದದ್ದು ಚಿಮಣಿಯ ಬಾಯಲ್ಲಿ ಕಂಡೂ ಕಾಣದಂತಿರುವ ನಸುನೀಲಿ ಹೊಗೆ. ಬೆಂಕಿಯಿಲ್ಲದೆ ಹೊಗೆಯಾಡದು ಎನ್ನುತ್ತೇವಲ್ಲ, ಇಲ್ಲಿ ಬೆಂಕಿ ಚೆನ್ನಾಗಿದ್ದಷ್ಟೂ ಹೊಗೆ ಕಡಿಮೆ.

ಆದ್ದರಿಂದ ಹಣ ಕೊಡುವ ಮೊದಲು ಅದರಲ್ಲಿ ಬೆಂಕಿ ಹಾಕಿ ತೋರಿಸಲು ಹೇಳಿ. ತಯಾರಕರು ಒಪ್ಪದಿದ್ದರೆ ಅದೇ ಮಾದರಿ ಇಟ್ಟುಕೊಂಡಿರುವ ಯಾರನ್ನಾದರೂ ಹುಡುಕಿ, ಅವರು ಬೇಯಿಸುವ ದಿನ ಹೋಗಿ ನಿಲ್ಲಿ. ಒಂದು ಗಂಟೆ ಉರಿದು ಕೆಂಡ ಕೂಡಿದ ಮೇಲೆ ಸೌದೆಯ ಹೊಸ ಸೀಳೊಂದನ್ನು ಇಡಿಸಿ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಫೈರ್‌ಬಾಕ್ಸಿನೊಳಗೆ ನೋಡಿ. ಒಳ್ಳೆಯ ಸ್ಮೋಕರಿನಲ್ಲಿ ಜ್ವಾಲೆ ನೆಟ್ಟಗೆ ಏಳುವುದಿಲ್ಲ, ಯಾರೋ ಆಚೆಯಿಂದ ಸೆರಗು ಹಿಡಿದು ಎಳೆದಂತೆ ಮಾಂಸದ ಕೋಣೆಯತ್ತ ಬಾಗುತ್ತದೆ. ಸೀಳು ಹೊತ್ತಿಕೊಳ್ಳುವಾಗ ಕೊಂಚ ಬಿಳಿ ಹೊಗೆ ಬಂದೇ ಬರುತ್ತದೆ, ಅದು ಬೇಗನೆ ತಿಳಿಯಾಗಬೇಕು. ಹತ್ತು ನಿಮಿಷವಾದರೂ ಬಿಳಿಯಾಗಿಯೇ ಇದ್ದರೆ, ಸೌದೆಯೂ ಒಣಗಿದ್ದೇ ಆಗಿದ್ದರೆ, ಸ್ಮೋಕರ್ ಎಷ್ಟೇ ಸುಂದರವಾಗಿರಲಿ ಬಿಟ್ಟುಬಿಡಿ. ಚಿಮಣಿ ಎಲ್ಲಿಂದ ಹೊರಡುತ್ತದೆ ಎಂಬುದನ್ನೂ ನೋಡಿ. ಕೋಣೆಯ ನೆತ್ತಿಯಿಂದಲ್ಲದೆ ಮಾಂಸವಿಡುವ ಜಾಲರಿಯ ಮಟ್ಟದಿಂದ ಹೊರಡುವಂತಿದ್ದರೆ ಬಿಸಿ ಮೇಲ್ಮೇಲೆ ತೇಲಿ ಹೋಗದೆ ಮಾಂಸವನ್ನು ಸವರಿಕೊಂಡು ಹೋಗುತ್ತದೆ.

ಇನ್ನು ಉಕ್ಕು. ಕಾಲು ಅಂಗುಲ, ಅಂದರೆ ಸುಮಾರು 6 ಮಿ.ಮೀ., ಹಿತ್ತಲಿಗೆ ಧಾರಾಳವಾಯಿತು. ದಪ್ಪ ಉಕ್ಕು ಬಿಸಿಯನ್ನು ಹಿಡಿದಿಡುತ್ತದೆ. ಮುಚ್ಚಳ ತೆರೆದು ಮುಚ್ಚಿದರೂ, ತಣ್ಣನೆಯ ಗಾಳಿ ಬೀಸಿದರೂ ಉಷ್ಣಾಂಶ ಬೇಗ ಚೇತರಿಸಿಕೊಳ್ಳುತ್ತದೆ. ಆದರೆ ಮೊದಲು ಅಷ್ಟೂ ಕಬ್ಬಿಣವನ್ನು ಕಾಯಿಸಲು ಒಂದು ಗಂಟೆಯಾದರೂ ಬೇಕು, ಅದಕ್ಕೆ ಸೌದೆ ಬೇರೆ. ಇದಕ್ಕಿಂತ ದಪ್ಪದ್ದನ್ನು ಕೊಳ್ಳುವುದು ನನ್ನ ದೃಷ್ಟಿಯಲ್ಲಿ ಜಂಬ. ಹೆಚ್ಚುವರಿ ಹಣವಿದ್ದರೆ ಎರಡು ಗೋಡೆಗಳ ನಡುವೆ ಶಾಖ ನಿರೋಧಕ ತುಂಬಿದ ಫೈರ್‌ಬಾಕ್ಸಿಗೆ ಹಾಕಿ: ಸೌದೆ ಕಡಿಮೆ ಸಾಕು, ಚಳಿಯಲ್ಲೂ ಬೆಂಕಿ ಏರುಪೇರಾಗದು. ತೂಕವನ್ನು ಮರೆಯಬೇಡಿ. ಈ ದಪ್ಪದ, ಮೀಟರಿಗಿಂತ ಉದ್ದನೆಯ ಸ್ಮೋಕರುಗಳು ನೂರಾರು ಕಿಲೋ ತೂಗುತ್ತವೆ. ನನ್ನದರ ಚಕ್ರಗಳು ಮೊದಲ ಮಳೆಗೇ ನೆಲದಲ್ಲಿ ಹೂತವು. ಕೊನೆಗೆ ಕಲ್ಲುಚಪ್ಪಡಿ ಹಾಸಬೇಕಾಯಿತು.

ರಿವರ್ಸ್ ಫ್ಲೋದಲ್ಲಿ ಜಾಲರಿಯ ಕೆಳಗೆ ಉದ್ದಕ್ಕೂ ಒಂದು ಉಕ್ಕಿನ ಹಲಗೆ ಇರುತ್ತದೆ. ಬಿಸಿಗಾಳಿ ಅದರಡಿಯಲ್ಲಿ ಆ ತುದಿಗೆ ಹೋಗಿ, ಮಾಂಸದ ಮೇಲಿಂದ ಮರಳಿ ಬಂದು, ಫೈರ್‌ಬಾಕ್ಸಿನ ಕಡೆಯೇ ಇರುವ ಚಿಮಣಿಯಿಂದ ಹೊರಬೀಳುತ್ತದೆ. ಅಮೆರಿಕದ ಲ್ಯಾಂಗ್ ಕಂಪನಿಯ ಸ್ಮೋಕರುಗಳು ಈ ಬಗೆಗೇ ಹೆಸರಾದವು. ಶಾಖ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಆಗಿರುವುದು ಇದರ ಗುಣ, ಗಾಳಿಯ ದಾರಿ ಉದ್ದವಾಗಿ ಬೆಂಕಿ ನಿಧಾನವಾಗಿ ಮಾತು ಕೇಳುವುದು ದೋಷ. ನನಗೆ ನೇರ ಹರಿವಿನದೇ ಇಷ್ಟ. ಅದರಲ್ಲಿ ಫೈರ್‌ಬಾಕ್ಸಿನ ಬಳಿ ಬಿಸಿ ಜಾಸ್ತಿ, ಚಿಮಣಿಯ ಬಳಿ ಕಡಿಮೆ. ಒಮ್ಮೆ ಗೊತ್ತಾದರೆ ಅದೇ ಅನುಕೂಲ. ಜಾಲರಿಯ ತುಂಬ ಬ್ರೆಡ್ ಚೂರುಗಳನ್ನು ಹರಡಿ ಸ್ವಲ್ಪ ಹೊತ್ತು ಬಿಟ್ಟು ನೋಡಿ, ಎಲ್ಲಿ ಕರಕಲು, ಎಲ್ಲಿ ಬಿಳಿ ಎಂಬ ನಕಾಶೆಯೇ ಸಿಗುತ್ತದೆ.

ಗಾತ್ರಕ್ಕೆ ಬಂದರೆ, ಒಂದು ಮನೆಯವರಿಗೂ ನಾಲ್ಕಾರು ನೆಂಟರಿಗೂ ಮಾಂಸದ ಕೋಣೆ 20 ಅಂಗುಲ ವ್ಯಾಸದ ಕೊಳವೆಯಾದರೆ ಸಾಕು. ತೀರ ಚಿಕ್ಕದಾದರೆ ಬೆಂಕಿಯನ್ನೂ ಚಿಕ್ಕದಾಗಿಯೇ ಇಡಬೇಕಾಗುತ್ತದೆ, ಚಿಕ್ಕ ಬೆಂಕಿ ಬೇಗ ಹೊಗೆಯಾಡುತ್ತದೆ. ತೀರ ದೊಡ್ಡದಾದರೆ ಸೌದೆಯ ರಾಶಿ ನೋಡನೋಡುತ್ತಲೇ ಕರಗುತ್ತದೆ.

ಒಂದು ಮಾತನ್ನು ಮಾರುವವರು ಹೇಳುವುದಿಲ್ಲ. ಬ್ರಿಸ್ಕೆಟ್‌ಗೆ ಕೋಣೆಯ ಶಾಖ ಸುಮಾರು 107ರಿಂದ 135 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು, ಹತ್ತು ಹನ್ನೆರಡು ಗಂಟೆ. ನಡುವೆ ಮಾಂಸದ ಒಳಗಿನ ಶಾಖ 70 ಡಿಗ್ರಿಯ ಆಸುಪಾಸಿನಲ್ಲಿ ಮೊಂಡು ಹಿಡಿದು ನಿಂತುಬಿಡುತ್ತದೆ, ಏಕೆಂದರೆ ಮೇಲ್ಮೈಯಿಂದ ಆವಿಯಾಗುವ ನೀರು ಅದನ್ನು ತಂಪಾಗಿಸುತ್ತಿರುತ್ತದೆ. ಅಷ್ಟೂ ಹೊತ್ತು ಅರ್ಧ ಮುಕ್ಕಾಲು ಗಂಟೆಗೊಮ್ಮೆ ಮುಂಗೈ ದಪ್ಪದ ಸೀಳನ್ನು ನೀವೇ ಇಡಬೇಕು. ನನಗದು ಸುಖ. ಬೆಳಗಿನ ಜಾವ ಐದಕ್ಕೆ ಎದ್ದು ಬೆಂಕಿಯ ಮುಂದೆ ಸುಮ್ಮನೆ ಕುಳಿತಿರಲು ಅದೊಂದು ನೆಪ. ನಿಮಗದು ಕಾಟವೆನಿಸುವಂತಿದ್ದರೆ ಮರದ ಪುಡಿಯ ಗುಳಿಗೆಗಳನ್ನು ಉರಿಸಿ ತಾನಾಗಿಯೇ ಶಾಖ ಕಾಯ್ದುಕೊಳ್ಳುವ ಪೆಲೆಟ್ ಸ್ಮೋಕರ್ ತೆಗೆದುಕೊಳ್ಳಿ, ಅದರಲ್ಲಿ ನಾಚಿಕೆಯೇನಿಲ್ಲ.

ಉಳಿದವು ಸಣ್ಣಪುಟ್ಟವು. ಕತ್ತಲಲ್ಲಿ ಒಳಗೊಂದು ಟಾರ್ಚ್ ಹಚ್ಚಿಟ್ಟು ಮುಚ್ಚಳ ಮುಚ್ಚಿ. ಬೆಳಕು ಸೋರುವ ಸಂದಿಯಲ್ಲಿ ಬಿಸಿಯೂ ಸೋರುತ್ತದೆ. ಜಿಡ್ಡು ಹರಿದುಹೋಗಲು ಇಳಿಜಾರು, ತೂತು ಇವೆಯೇ ನೋಡಿ. ಮುಚ್ಚಳದ ಮೇಲಿನ ಥರ್ಮಾಮೀಟರನ್ನು ನಂಬಬೇಡಿ, ಅದು ಮಾಂಸಕ್ಕಿಂತ ಎತ್ತರದ ಗಾಳಿಯನ್ನು ಅಳೆಯುತ್ತದೆ; ಜಾಲರಿಯ ಮೇಲೆ ಬೇರೆಯದನ್ನು ಇಡಿ. ಫೈರ್‌ಬಾಕ್ಸಿನ ಬಣ್ಣ ಎಷ್ಟೇ ದುಬಾರಿಯದ್ದಾದರೂ ಸುಲಿಯುತ್ತದೆ, ಆಗಾಗ ಎಣ್ಣೆ ಸವರಿದರೆ ತುಕ್ಕು ಹಿಡಿಯದು. ಗ್ಯಾರೇಜಿನೊಳಗೆ ಮಾತ್ರ ಎಂದೂ ಹಚ್ಚಬೇಡಿ, ಕಾರ್ಬನ್ ಮೋನಾಕ್ಸೈಡ್ ಕಾಣುವುದಿಲ್ಲ, ವಾಸನೆಯೂ ಇಲ್ಲ.

ಬೆಂಕಿ ಹಾಕಿ ನೋಡಲು ಹೋಗುವ ದಿನ ನಾಲ್ಕು ಸೀಳು ಸೌದೆಯನ್ನು ಮನೆಯಿಂದಲೇ ಒಯ್ಯಿರಿ. ಅವರು ಆರಿಸಿ ಒಣಗಿಸಿಟ್ಟ ಸೌದೆಯಲ್ಲಿ ಚೆನ್ನಾಗಿ ಉರಿದ ಬೆಂಕಿ ನಿಮ್ಮ ಸೌದೆಯಲ್ಲಿ ಹೇಗೆ ಉರಿಯುತ್ತದೆ ಎಂಬುದು ಅಲ್ಲಿಯೇ ಗೊತ್ತಾಗಲಿ.