ಅಮೆರಿಕದಲ್ಲಿ ಕಪ್ಪು ಹುಡುಗರನ್ನೇ ಯಾಕೆ ಜಾಸ್ತಿ ವಯಸ್ಕರಂತೆ ವಿಚಾರಣೆ ಮಾಡುತ್ತಾರೆ?

ಒಂದು ಮುಖ್ಯ ಕಾರಣ, ಆ ಹುಡುಗರು ನೋಡುವವರ ಕಣ್ಣಿಗೆ ಮಕ್ಕಳಾಗಿ ಕಾಣುವುದೇ ಇಲ್ಲ. 2014ರ ಒಂದು ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಹುಡುಗರ ಫೋಟೋ ತೋರಿಸಿ ವಯಸ್ಸು ಕೇಳಿದರು. ಗಂಭೀರ ಅಪರಾಧದ ಆರೋಪವಿದೆ ಎಂದು ಹೇಳಿದ ಕಪ್ಪು ಹುಡುಗರ ವಯಸ್ಸನ್ನು ಸರಾಸರಿ ನಾಲ್ಕೂವರೆ ವರ್ಷ ಜಾಸ್ತಿ ಅಂದಾಜು ಮಾಡಿದರು. ಹದಿಮೂರರ ಹುಡುಗ ಹದಿನೇಳು ದಾಟಿದವನಂತೆ ಕಂಡ ಹಾಗಾಯಿತಲ್ವಾ?

ಇನ್ನೊಂದು, ತೀರ್ಮಾನ ಯಾರ ಕೈಯಲ್ಲಿದೆ ಎಂಬುದು. ಫ್ಲೋರಿಡಾದಂಥ ರಾಜ್ಯಗಳಲ್ಲಿ ಎಷ್ಟೋ ಕೇಸುಗಳನ್ನು ಸರ್ಕಾರಿ ವಕೀಲರೇ ನೇರವಾಗಿ ವಯಸ್ಕರ ಕೋರ್ಟಿಗೆ ಹಾಕಬಹುದು, ನ್ಯಾಯಾಧೀಶರ ಒಪ್ಪಿಗೆಯೂ ಬೇಕಿಲ್ಲ. ಕಪ್ಪು ಜನರ ಕೇರಿಗಳಲ್ಲಿ ಪೊಲೀಸರ ಕಾವಲೂ ಜಾಸ್ತಿ. ಹಾಗಾಗಿ ಹುಡುಗನ ಮೇಲೆ ಹಳೆಯ ಕೇಸುಗಳು ಮೊದಲೇ ಸೇರಿಕೊಂಡಿರುತ್ತವೆ, ಮುಂದೆ ಅದೇ ಅವನಿಗೆ ಮುಳುವಾಗುತ್ತದೆ. ದೇಶದ ಮಕ್ಕಳಲ್ಲಿ ಕಪ್ಪು ಮಕ್ಕಳು ಸುಮಾರು ಏಳರಲ್ಲಿ ಒಬ್ಬರು. ಆದರೆ ನ್ಯಾಯಾಧೀಶರು ವಯಸ್ಕರ ಕೋರ್ಟಿಗೆ ಕಳಿಸಿದವರಲ್ಲಿ ಇತ್ತೀಚಿನ ವರ್ಷಗಳಲ್ಲಿ ಅವರ ಪಾಲು ಅರ್ಧದಷ್ಟಿದೆ.

ಕಲೀಫ್ ಬ್ರೌಡರ್ ಕಥೆ ನನ್ನನ್ನು ಇವತ್ತಿಗೂ ಕಾಡುತ್ತದೆ. 2010ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಬ್ಯಾಗ್ ಕದ್ದ ಆರೋಪದ ಮೇಲೆ ಅವನನ್ನು ಹಿಡಿದರು. ಆಗ ವಯಸ್ಸು 16. ಅಲ್ಲಿನ ಕಾನೂನಿಗೆ ಅವನು ಆಗಲೇ ವಯಸ್ಕ. ಜಾಮೀನಿಗೆ 3,000 ಡಾಲರ್, ಮನೆಯವರ ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ. ರೈಕರ್ಸ್ ಜೈಲಿನಲ್ಲಿ ಮೂರು ವರ್ಷ, ಅದರಲ್ಲಿ ಸುಮಾರು ಎರಡು ವರ್ಷ ಒಂಟಿ ಕೋಣೆ. ವಿಚಾರಣೆ ಶುರುವಾಗಲೇ ಇಲ್ಲ, 2013ರಲ್ಲಿ ಕೇಸು ಬಿದ್ದುಹೋಯಿತು. 2015ರಲ್ಲಿ, 22ನೇ ವಯಸ್ಸಿನಲ್ಲಿ, ಅವನು ಪ್ರಾಣ ಕಳೆದುಕೊಂಡ. ನ್ಯೂಯಾರ್ಕ್ ಆ ವಯಸ್ಸಿನ ಮಿತಿಯನ್ನು 18ಕ್ಕೆ ಏರಿಸುವ ಕಾನೂನು ತಂದಿದ್ದು 2017ರಲ್ಲಿ.