ಹೆಲ್ಪರ್ ಆಗಿ ಹೋಗುವ ಮುನ್ನ: ಒಂದು ಆಪ್ತಸಲಹೆ ಪ್ರಕರಣ

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದೆ.)

ಶರಣು, 20 ವರ್ಷ, ಔರಾದ್ ತಾಲ್ಲೂಕು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ಇಂಗ್ಲಿಷ್ ಉಳಿದಿವೆ. ಮೂರು ವರ್ಷದಿಂದ ಬೀದರಿನ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಗ್ರಿಲ್, ಗೇಟಿನ ಕೆಲಸ. ದುಬೈಯಲ್ಲಿ ವೆಲ್ಡರ್ ಕೆಲಸವಿದೆ, ವಿಸಿಟ್ ವೀಸಾದ ಮೇಲೆ ಹೋಗಿ ಅಲ್ಲೇ ಕೆಲಸದ ವೀಸಾಕ್ಕೆ ಬದಲಿಸಿಕೊಳ್ಳಬಹುದು ಎಂದು ಏಜೆಂಟನ ಕಡೆಯವನೊಬ್ಬ ನಂಬಿಸಿದ್ದ. ಕೇಳಿದ್ದು 1,50,000 ರೂಪಾಯಿ, ರಸೀದಿ ಇಲ್ಲ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯ ಸಾಲಕ್ಕೆ ಮಾತಾಗಿತ್ತು.

"ಅಕ್ಕನ ಮದುವಿ ಸಾಲ ಅದರಿ. ಇಲ್ಲೇ ಕುಂತ್ರ ಹ್ಯಾಂಗ್ ತೀರಸ್ಲಿ?" ಎಂದ. ಜೊತೆಗೆ ಬಂದ ಅವ್ವ ಸುಮ್ಮನೆ ಕೂತಿದ್ದರು.

ಹೋಗಬೇಡ ಎಂಬ ಮಾತು ಮನೆಯಲ್ಲಿ ಸಾಕಷ್ಟು ಆಗಿತ್ತು, ಅವನು ಕೇಳುವುದನ್ನೇ ಬಿಟ್ಟಿದ್ದ. ಹಾಗಾಗಿ ಹೋಗುವುದನ್ನು ಪ್ರಶ್ನಿಸದೆ, ಈ ದಾರಿಯಲ್ಲಿ ಈ ತಿಂಗಳೇ ಹೋಗಬೇಕೇ ಎಂಬುದನ್ನಷ್ಟೇ ಹಾಳೆಯ ಮೇಲಿಟ್ಟೆವು. ಅವನಿಗೆ ಹೇಳಿದ ಸಂಬಳ 900 ದಿರ್ಹಮ್. ಊಟಕ್ಕೆ 300, ಫೋನಿಗೆ 50 ಕಳೆದರೆ 550, ಅಂದರೆ ಆಗಿನ ದರದಲ್ಲಿ ಸುಮಾರು 12,500 ರೂಪಾಯಿ. ಅದರಲ್ಲಿ ಮೊದಲ ತಿಂಗಳ ಬಡ್ಡಿಯೇ 4,500. ಉಳಿದದ್ದೆಲ್ಲ ಅಸಲಿಗೆ ಕಟ್ಟುತ್ತ ಹೋದರೂ ಸಾಲ ಮುಗಿಯಲು ಸುಮಾರು ಹದಿನೈದು ತಿಂಗಳು ಬೇಕು. ಆಗ ಅವ್ವ ಬಾಯಿಬಿಟ್ಟರು: "ಅಲ್ಲೀತನಕ ಮನಿಗಿ ಒಂದ್ ರೂಪಾಯಿನೂ ಬರಂಗಿಲ್ಲೇನ್ರಿ?"

ಅವನ ಪಾಸ್‌ಪೋರ್ಟಿನಲ್ಲಿ ಇಸಿಆರ್ (ವಲಸೆ ತಪಾಸಣೆ ಅಗತ್ಯ) ಎಂದಿದೆ. ಹತ್ತನೇ ಪಾಸಾಗದವರಿಗೆ ಸಾಮಾನ್ಯವಾಗಿ ಇದೇ ಬರುತ್ತದೆ. ಅವನಿಗೆ ಅದೊಂದು ಅವಮಾನ. ನಿಜದಲ್ಲಿ ಅವನಂಥವರಿಗೆ ಇರುವ ದೊಡ್ಡ ಆಸರೆಯೇ ಅದು. ಕೊಲ್ಲಿ ದೇಶಗಳೂ ಸೇರಿ 18 ದೇಶಗಳಿಗೆ ಇಂಥವರು ದುಡಿಯಲು ಹೋಗುವಾಗ ಇ-ಮೈಗ್ರೇಟ್ ಎಂಬ ಸರ್ಕಾರಿ ಜಾಲತಾಣದ ಮೂಲಕ ಅನುಮತಿ ಬೇಕು. ಆಗ ಕರಾರು, ಸಂಬಳ, ಮಾಲೀಕ ಯಾರೆಂಬುದು ದಾಖಲಾಗುತ್ತದೆ. ಪ್ರವಾಸಿ ಭಾರತೀಯ ವಿಮೆಯೂ ಕಡ್ಡಾಯ: 275 ರೂಪಾಯಿ ಕಂತಿಗೆ ಎರಡು ವರ್ಷ, ಅಪಘಾತದಿಂದಾದ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ. ವಿಸಿಟ್ ವೀಸಾದಲ್ಲಿ ಕಳಿಸುವುದೇ ಇದೆಲ್ಲವನ್ನೂ ತಪ್ಪಿಸಲು. ಆ ವೀಸಾದಲ್ಲಿ ಅಲ್ಲಿ ಕೆಲಸ ಮಾಡುವುದು ಅಪರಾಧ, ಅವಧಿ ಮೀರಿದರೆ ದಿನಕ್ಕೆ 50 ದಿರ್ಹಮ್ ದಂಡ. ಕೂಲಿ ಕೊಡದಿದ್ದರೂ ದೂರು ಕೊಡಲು ಕೈಯಲ್ಲಿ ಕಾಗದವೇ ಇರುವುದಿಲ್ಲ. ಇನ್ನು ನೋಂದಾಯಿತ ಏಜೆಂಟ್ ಪಡೆಯಬಹುದಾದ ಗರಿಷ್ಠ ಶುಲ್ಕ 30,000, ಜಿಎಸ್‌ಟಿ ಸೇರಿ 35,400, ಅದೂ ರಸೀದಿ ಸಮೇತ. ಏಜೆಂಟನ ಹೆಸರು, ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂಬುದನ್ನು ಇ-ಮೈಗ್ರೇಟ್ ಪಟ್ಟಿಯಲ್ಲೇ ನೋಡಬಹುದು. ಶರಣು ಅಲ್ಲೇ ಫೋನ್ ತೆಗೆದು ಹುಡುಕಿದ. ಹೆಸರು ಸಿಗಲಿಲ್ಲ.

ನೋವಾದದ್ದು ಮುಂದಿನ ಮಾತಿಗೆ. ಮೂರು ವರ್ಷ ವೆಲ್ಡಿಂಗ್ ಮಾಡಿದ್ದೇನೆ, ನಾನು ವೆಲ್ಡರ್ ಎಂಬುದು ಅವನ ನಂಬಿಕೆ. ಗ್ರಿಲ್ಲಿಗೆ 6013 ಎಂಬ ಸಾಮಾನ್ಯ ವೆಲ್ಡಿಂಗ್ ರಾಡಿನಲ್ಲಿ ಟ್ಯಾಕ್ (ಚಿಕ್ಕ ಚುಕ್ಕೆ ಬೆಸುಗೆ) ಹಾಕುವ ಕೈಗೆ ಕಂಪನಿಗಳ ಟ್ರೇಡ್ ಟೆಸ್ಟ್, ಅಂದರೆ ಕೈಕೆಲಸದ ಪರೀಕ್ಷೆ, ಬೇರೆಯೇ ಲೋಕ. 3ಜಿ ಎಂಬ ಬೆಸುಗೆ ಭಂಗಿಯಲ್ಲಿ ಪ್ಲೇಟ್ ನೆಟ್ಟಗೆ ನಿಂತಿರುತ್ತದೆ. 6ಜಿಯಲ್ಲಿ ಪೈಪು 45 ಡಿಗ್ರಿ ಓರೆಯಾಗಿ ಬಿಗಿದಿರುತ್ತದೆ, ತಿರುಗಿಸುವಂತಿಲ್ಲ. ರೂಟ್, ಅಂದರೆ ಬೆಸುಗೆಯ ತಳದ ಮೊದಲ ಪದರ, ಒಳಗೆ ಪೂರ್ತಿ ಇಳಿಯದಿದ್ದರೆ ಫೇಲ್. 7018 ಎಂಬ ಇನ್ನೊಂದು ಬಗೆಯ ರಾಡಿಗೆ ತೇವ ಹಿಡಿದಿದ್ದರೆ ಬೆಸುಗೆಯಲ್ಲಿ ರಂಧ್ರ ಬೀಳುತ್ತದೆ, ಅದೂ ಫೇಲ್. ಟೆಸ್ಟೂ ಇಲ್ಲದೆ, ಸರ್ಟಿಫಿಕೇಟೂ ಇಲ್ಲದೆ ಹೋದವನ ಕರಾರಿನಲ್ಲಿ 'ಹೆಲ್ಪರ್' ಎಂದೇ ಬರೆದಿರುತ್ತದೆ, ಕೈಗೆ ವೆಲ್ಡಿಂಗ್ ಹೋಲ್ಡರ್ ಕೊಟ್ಟರೂ ಸಂಬಳ ಹೆಲ್ಪರನದೇ.

ಕೊಟ್ಟ ಸಲಹೆ: ಮುಂಗಡ ಕೊಡಬೇಡ, ಪಾಸ್‌ಪೋರ್ಟ್ ಅವರ ಕೈಗಿಡಬೇಡ. ಉಳಿದೆರಡು ವಿಷಯ ಕಟ್ಟು. ಐಟಿಐ ವೆಲ್ಡರ್ ಟ್ರೇಡ್ ಒಂದೇ ವರ್ಷದ್ದು, ಎಂಟನೇ ಪಾಸಾದವರಿಗೂ ಸಿಗುತ್ತದೆ. ಅಂಗಡಿ ಬಿಡಬೇಕಿಲ್ಲ, ಸಂಜೆ, ರವಿವಾರ ಕೆಲಸಕ್ಕೆ ಮಾಲೀಕರನ್ನು ಕೇಳು. ಆಮೇಲೆ ಹೊರಟರೆ, ಆಫರ್ ಲೆಟರನ್ನು ಹಿಂದಿ ಇಲ್ಲವೇ ಉರ್ದುವಿನಲ್ಲೂ ಕೇಳಿ ಪಡೆದು ಮೂಲವೇತನ, ಊಟ, ವಸತಿ, ಕೆಲಸದ ಹೆಸರು ಓದಿಯೇ ಸಹಿ ಹಾಕು.

ಮದುವೆ ಸಾಲ ಹಾಗೇ ಉಳಿಯಿತು, ಅದನ್ನು ಮುಚ್ಚಿಡಲಿಲ್ಲ. ಅವ್ವನ ಸ್ವಸಹಾಯ ಸಂಘದಿಂದ ಕಡಿಮೆ ಬಡ್ಡಿಗೆ ಎತ್ತಿ ಕೈಸಾಲದ ಒಂದಿಷ್ಟನ್ನಾದರೂ ತೀರಿಸುವ ಲೆಕ್ಕವನ್ನು ಎರಡನೇ ಭೇಟಿಗೆ ಇಟ್ಟುಕೊಂಡೆವು. ಆ ಸಲ ಶರಣು ಪರೀಕ್ಷಾ ಅರ್ಜಿ ಹಿಡಿದೇ ಬಂದ. ಗಣಿತ ಯಾರು ಹೇಳಿಕೊಡುತ್ತಾರೆ ಎಂಬುದೇ ಅವನ ಮೊದಲ ಪ್ರಶ್ನೆ.