ಎದುರಿನ ಸಿಪ್ (ಇಂಟರ್ನೆಟ್ ಕರೆ) ಫೋನ್ ಹಳೆಯ ನಿಯಮದ್ದು ಅಂತ ಹೊಸ ಸರ್ವರ್‌ಗೆ ಹೇಗೆ ಗೊತ್ತಾಗುತ್ತದೆ?

ಸಂದೇಶ ಬಂದ ದಾರಿ ಹೇಳುವ ‘ವಯಾ’ ಸಾಲಿನಲ್ಲಿ, ಕೋರಿಕೆಯನ್ನು ಗುರುತಿಸಲು ಹಾಕುವ ‘ಬ್ರಾಂಚ್’ ಗುರುತಿನ ಮೊದಲ 7 ಅಕ್ಷರ ನೋಡಿದರೆ ಸಾಕು.

ಸಿಪ್ ಅಂದರೆ ಇಂಟರ್ನೆಟ್ಟಿನಲ್ಲಿ ಕರೆ ಜೋಡಿಸುವ, ಮುಗಿಸುವ ನಿಯಮ. 1999ರದ್ದೂ 2002ರ ಪರಿಷ್ಕೃತ ರೂಪವೂ ತಮ್ಮನ್ನು 2.0 ಅಂತಲೇ ಕರೆದುಕೊಳ್ಳುತ್ತವೆ. ಆ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ, ಅಲ್ವಾ? ಅದಕ್ಕೇ ಹೊಸದರಲ್ಲಿ ಬ್ರಾಂಚ್ ‘ಝಡ್9ಎಚ್‌ಜಿ4ಬಿಕೆ’ (z9hG4bK) ಎಂದೇ ಶುರುವಾಗಬೇಕು. ಹಳೆಯ ಫೋನ್ ಸುಮ್ನೆ ಇದನ್ನೇ ಹಾಕಿಬಿಡುವುದು ತೀರಾ ಅಪರೂಪ.

ಅದು ಕಂಡರೆ ಪ್ರತಿ ಹೊಸ ಕೋರಿಕೆಗೂ ಬ್ರಾಂಚ್ ಸಾಮಾನ್ಯವಾಗಿ ಬೇರೆ, ಮತ್ತೆ ಕಳಿಸಿದ್ದಕ್ಕೆ ಅದೇ ಅಂತ ನಂಬಬಹುದು. ಕಾಣದಿದ್ದರೆ ಫ್ರಮ್, ಟು, ಕಾಲ್-ಐಡಿ ಮೊದಲಾದ ಸಾಲುಗಳನ್ನೆಲ್ಲ ಹೋಲಿಸಬೇಕು. ಕೆಲಸ ಜಾಸ್ತಿ, ಆದರೂ ಈ ದಾರಿಯನ್ನು ದಯವಿಟ್ಟು ಕೋಡ್‌ನಿಂದ ತೆಗೆಯಬೇಡಿ. ಯಾಕಂದರೆ ಯುಡಿಪಿಯಲ್ಲಿ (ಸಂದೇಶ ತಲುಪುವ ಖಾತ್ರಿ ಕೊಡದ ಸಾಗಣೆ ವಿಧಾನ) ಉತ್ತರ ಬರದಿದ್ದರೆ ಫೋನ್ ಅರ್ಧ ಸೆಕೆಂಡಿಗೇ ಅದೇ ‘ಇನ್ವೈಟ್’ (ಕರೆ ಶುರುಮಾಡುವ ಕೋರಿಕೆ) ಮತ್ತೆ ಕಳಿಸುತ್ತದೆ. ಹೋಲಿಕೆ ತಪ್ಪಿದರೆ ಸರ್ವರ್ ಅದನ್ನು ಇನ್ನೊಂದು ಕರೆ ಅಂದುಕೊಳ್ಳುತ್ತದೆ.